ನೆರೆಕರೆಯೂ ಮಗುವೂ: ಮೂರು ಕೃತಿಗಳ ವಿಚಾರ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಉಪಾಧ್ಯಾಯರಾದ ನಾವು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಗಾದೆ ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಮೊಳಕೆ ಬೇರೂರಿದ ಮಣ್ಣಿನ ವಿಚಾರವನ್ನು ಅದು ಎತ್ತುವುದೇ ಇಲ್ಲ. ನಾವು ಪಾಠ ಹೇಳುವ ಮಹಾಪುರುಷರ ಚರಿತ್ರೆಗಳೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯುತ್ತವೆ. ಈಶ್ವರಚಂದ್ರ ವಿದ್ಯಾಸಾಗರರು ಎಳವೆಯಲ್ಲಿ ಬೀದಿದೀಪದ ಬೆಳಕಿನಲ್ಲಿ ಓದಿದರೆಂಬ ಕಥೆಯನ್ನು ಹೇಳಿ, ಅವರ ಶ್ರದ್ಧೆಯನ್ನು ಕೊಂಡಾಡಿ, ಪಾಠ ಮುಗಿಸುತ್ತೇವೆ. ಆ ದೀಪವಿದ್ದುದು ಅವರು ಹುಟ್ಟಿದ ಬೀರಸಿಂಹ ಗ್ರಾಮದಲ್ಲಲ್ಲ, ತಂದೆಯೊಡನೆ ನಡೆದುಹೋಗಿ ಸೇರಿದ ಕಲ್ಕತ್ತೆಯಲ್ಲಿ ಎಂಬುದನ್ನು ಮಕ್ಕಳಿಗೆ ತಿಳಿಸುವುದಿಲ್ಲ. ಶ್ರದ್ಧೆ ಬಾಲಕನದು, ನಿಜ. ದೀಪ ಬೀದಿಯದು.

ಮಗು ಬೆಳೆಯುವ ನೆರೆಕರೆ ಅದರ ಬಾಳನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಗೆ ನಮ್ಮ ಸಾಹಿತ್ಯ ಈ ಪಾಠಗಳಿಗಿಂತ ಆಳವಾದ ಉತ್ತರವನ್ನು ಕೊಟ್ಟಿದೆ. ಮೂರು ಕೃತಿಗಳನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನೆರೆಕರೆಯ ಹಿರಿಮೆ ಕಿರಿಮೆಗಳನ್ನು ಅಳೆಯಬೇಕಾದುದು ಅಲ್ಲಿನ ಮನೆಗಳಿಂದಲ್ಲ, ಅಲ್ಲಿ ಬೆಳೆಯುವ ಮಗುವಿಗೆ ಎಷ್ಟು ಕೈಗಳು ಎಟುಕುತ್ತವೆ ಎಂಬುದರಿಂದ. ಇದು ನಾನು ಪ್ರತಿಪಾದಿಸಬಯಸುವ ಮಾತು.

ಮೊದಲನೆಯದು ಶಿವರಾಮ ಕಾರಂತರ ‘ಚೋಮನ ದುಡಿ’ (1933). ಬೇಸಾಯ ಮಾಡಬೇಕೆಂಬ ಚೋಮನ ಹಂಬಲದ ದುರಂತವೆಂದು ಇದನ್ನು ಓದುವುದು ವಾಡಿಕೆ. ಉಪಾಧ್ಯಾಯನ ಕಣ್ಣಿಗೆ ಅದು ಐದು ಮಕ್ಕಳ ಕಥೆಯೂ ಹೌದು. ತಂದೆಯ ಸಾಲ ಮಕ್ಕಳನ್ನು ಕಾಫಿ ತೋಟಕ್ಕೆ ಅಟ್ಟುತ್ತದೆ. ಒಬ್ಬ ಮಗ ಸಾಯುತ್ತಾನೆ. ಗುರುವ ಕ್ರೈಸ್ತನಾಗಿ ಬೇರೆ ಬಾಳನ್ನು ಹಿಡಿಯುತ್ತಾನೆ. ಬೆಳ್ಳಿ ತೋಟದವರ ಕಾಮಕ್ಕೆ ಬಲಿಯಾಗುತ್ತಾಳೆ. ಎಳೆಯ ಹುಡುಗನೊಬ್ಬ ಹೊಳೆಯಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯವನೆಂಬ ಕಾರಣದಿಂದ ಯಾರೂ ಅವನನ್ನು ಎತ್ತುವುದಿಲ್ಲ. ಕಾರಂತರು ಇಲ್ಲಿ ಉಪನ್ಯಾಸ ಮಾಡಿಲ್ಲ. ಅದರ ಅಗತ್ಯವೂ ಇಲ್ಲ. ಹೊಳೆ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಆಳ. ಆ ಮಗುವಿಗೆ ಮಾತ್ರ ದಡ ಬಹಳ ದೂರವಾಗಿತ್ತು.

ಎರಡನೆಯದು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’. ಹೆಸರಿನಲ್ಲೇ ವಿಷಯವಿದೆ: ಊರು ಒಂದು, ಕೇರಿ ಇನ್ನೊಂದು. ಮಾಗಡಿ ತಾಲೂಕಿನ ಮಂಚನಬೆಲೆಯ ಬಾಲ್ಯದಲ್ಲಿ ಲೇಖಕರು ಕಂಡ ಒಂದು ನೋಟವನ್ನು ಓದಿದವರು ಮರೆಯಲಾರರು. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ; ಅವರಲ್ಲಿ ಒಬ್ಬರು ಹುಡುಗನ ತಂದೆ. ಎತ್ತುಗಳಿದ್ದೂ ಹೊಲವಿಲ್ಲದ ಚೋಮನನ್ನು ಓದಿದವರಿಗೆ ಇಲ್ಲಿ ತಾವೇ ಎತ್ತುಗಳಾದವರು ಎದುರಾಗುತ್ತಾರೆ. ಇದೇ ಹುಡುಗ ಮುಂದೆ ಬೆಂಗಳೂರಿನ ಶ್ರೀರಾಮಪುರಕ್ಕೆ ಬರುತ್ತಾನೆ. ಅದೂ ಬಡವರ ಬಡಾವಣೆಯೇ. ಆದರೆ ಅಲ್ಲಿ ಕೈಗೆಟುಕುವಷ್ಟು ದೂರದಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಭಾಷಣದ ವೇದಿಕೆ ಇದ್ದವು, ಮುಂದೆ ಡಿ. ಆರ್. ನಾಗರಾಜರಂಥ ಒಡನಾಡಿಗಳು ದೊರೆತರು. ಏಕಾಂತಕ್ಕೆ ಸ್ಮಶಾನವನ್ನೇ ಆಶ್ರಯಿಸಿದ ಈ ಹುಡುಗ 1975ರಲ್ಲಿ ‘ಹೊಲೆಮಾದಿಗರ ಹಾಡು’ ಸಂಕಲನವನ್ನು ಕನ್ನಡಕ್ಕೆ ಕೊಟ್ಟರು.

‘ಊರು ಕೇರಿ’ಯ ಹಾಸ್ಯವನ್ನು ಎಲ್ಲರೂ ಮೆಚ್ಚಿದ್ದಾರೆ. ಅದನ್ನು ಲೇಖಕರ ಸ್ವಭಾವದ ಗುಣವೆಂದು ಹೇಳಿ ಬಿಟ್ಟರೆ ಸಾಲದು. ನೋವನ್ನು ನಗುತ್ತ ಹೇಳುವ ಆ ರೀತಿ ಕೇರಿಯ ಮಾತುಗಾರಿಕೆಯಿಂದ ಬಂದುದೆಂದು ನನ್ನ ಅಭಿಪ್ರಾಯ. ಕೇರಿ ಹುಡುಗನಿಂದ ಬಹಳವನ್ನು ಕಸಿದುಕೊಂಡಿತು, ಆದರೆ ನಾಲಗೆಯನ್ನು ಕೊಟ್ಟಿತು. ಬಡ ನೆರೆಕರೆಯನ್ನು ಬರಿಯ ಕೊರತೆಗಳ ಪಟ್ಟಿಯಾಗಿ ನೋಡುವವರು ಈ ಅಂಶವನ್ನು ಗಮನಿಸಬೇಕು.

ಇದೆಲ್ಲ ಕಥೆಗಾರರ ಕಾಣ್ಕೆಯಾಯಿತು, ಲೆಕ್ಕದ ಆಧಾರವೇನು ಎಂದು ಕೇಳುವವರಿಗೆ ಈಗ ಉತ್ತರವಿದೆ. ಅಮೆರಿಕದಲ್ಲಿ 1994ರಿಂದ ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ಎಂಬ 5 ನಗರಗಳಲ್ಲಿ ಒಂದು ಪ್ರಯೋಗ ನಡೆಯಿತು. ಸುಮಾರು 4,600 ಬಡ ಕುಟುಂಬಗಳನ್ನು ಚೀಟಿ ಎತ್ತಿ ವಿಂಗಡಿಸಿ, ಒಂದು ಗುಂಪಿಗೆ ಬಡತನ ಕಡಮೆಯಿರುವ ಬಡಾವಣೆಗಳಲ್ಲಿ ಮಾತ್ರ ಬಳಸಬಹುದಾದ ಬಾಡಿಗೆಯ ನೆರವನ್ನು ಕೊಟ್ಟರು. ಭಾರತದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, 13 ವರ್ಷ ತುಂಬುವ ಮೊದಲೇ ಹಾಗೆ ಮನೆ ಬದಲಿಸಿದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ, ನೆರವು ಸಿಗದ ಗುಂಪಿನವರಿಗಿಂತ ಶೇಕಡಾ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಹದಿಹರೆಯ ಹಿಡಿದ ಮೇಲೆ ಹೋದವರಿಗೆ ಆ ಲಾಭ ದೊರೆಯಲಿಲ್ಲ. ಬಡ ಮಕ್ಕಳು ಅನುಕೂಲಸ್ಥರ ಮಕ್ಕಳೊಡನೆ ಸ್ನೇಹವಾಗಿ ಬೆಳೆಯುವ ಊರುಗಳಲ್ಲಿ ಅವರ ಏಳಿಗೆಯೂ ಹೆಚ್ಚೆಂದು 2022ರಲ್ಲಿ ಇವರ ಬಳಗದವರೇ ತೋರಿಸಿದರು.

ಆದರೆ ಲೆಕ್ಕ ಹೇಳದ ಒಂದು ಸಂಗತಿಯನ್ನು ಸಾಹಿತ್ಯ ಹೇಳುತ್ತದೆ. ಗುರುವ ಹೊರಟುಹೋದ ಮೇಲೆ ಚೋಮನ ಗುಡಿಸಲಿನಲ್ಲಿ ಉಳಿದ ದುಃಖವನ್ನು ಯಾವ ಶೇಕಡಾವಾರು ಅಂಕಿಯೂ ಅಳೆಯದು. ಮಕ್ಕಳನ್ನು ಬಿಡಿಸಿ ಬೇರೆಡೆ ನೆಡುವುದೇ ಪರಿಹಾರವಾದರೆ, ಊರುಗಳು ಬರಿದಾಗುವುವು. ಇದ್ದ ಕಡೆಯಲ್ಲೇ ನೆರೆಕರೆಯನ್ನು ಹಿಗ್ಗಿಸುವ ದಾರಿ ಇಲ್ಲವೆ?

ಇದಕ್ಕೆ ನಮ್ಮ ಗಡಿನಾಡಿನಲ್ಲೇ ಉತ್ತರವಿದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ನಾದಿರಾಳ ತವರಿಗೂ ಗಂಡನ ಮನೆಗೂ ನಡುವೆ ಒಂದು ಹೊಳೆ ಮಾತ್ರ. ತಂದೆ ತನ್ನ ಹಠದಿಂದ ಮಗಳ ಸಂಸಾರವನ್ನು ಮುರಿಯುತ್ತಾನೆ. ತಾಯಿ ಫಾತಿಮ್ಮ ಎದುರಾಡಲಾರಳು. ಮುರಿದುದನ್ನು ಮತ್ತೆ ಕೂಡಿಸಲು ನಾದಿರಾ ತೆರಬೇಕಾದ ಬೆಲೆ ಅವಳನ್ನು ಮಸೀದಿಯ ಕೆರೆಗೆ ತಳ್ಳುತ್ತದೆ. ಇಲ್ಲಿಯೂ ನೀರು, ಇಲ್ಲಿಯೂ ತಡೆಯದ ಕೈಗಳು. ತಂದೆಯ ಕೋಪಕ್ಕೆ ಲೇಖಕಿ ಕೊಟ್ಟಷ್ಟು ಗಮನವನ್ನು ನೆರೆಕರೆಯ ಮೌನಕ್ಕೆ ಕೊಡಲಿಲ್ಲವೆಂಬುದು ಕೃತಿಯ ಕೊರತೆಯೆಂದು ಹೇಳಬಹುದು. ಅದರಿಂದಾಗಿ ದುರಂತದ ಹೊಣೆಯೆಲ್ಲ ಒಬ್ಬನ ತಲೆಗೇ ಬೀಳುತ್ತದೆ.

ಕೃತಿಯಿಂದ ಕರ್ತೃವಿನ ಕಡೆಗೆ ತಿರುಗಿದರೆ ಇನ್ನೊಂದು ಚಿತ್ರ ಕಾಣುತ್ತದೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಾರಾ ಅವರ ಮನೆಮಾತು ಮಲಯಾಳ. ತಮ್ಮ ಸಮಾಜದಲ್ಲಿ ಶಾಲೆಯ ಮೆಟ್ಟಿಲೇರಿದ ಮೊದಮೊದಲ ಹುಡುಗಿಯರಲ್ಲಿ ಅವರೊಬ್ಬರು. ವಕೀಲರಾದ ತಂದೆ ಕಳುಹಿಸಿದ್ದು ಕನ್ನಡ ಶಾಲೆಗೆ. ಮದುವೆಯ ಬಳಿಕ ಓದಿಗೆ ಅಡ್ಡಿಗಳು ಬಂದವು. ಗ್ರಂಥಾಲಯದ ಸದಸ್ಯತ್ವ ಅವರಿಗೆ ದೊರೆತದ್ದು 1963ರಲ್ಲಿ. ಆದರೂ ಎಳವೆಯಲ್ಲಿ ತೆರೆದ ಬಾಗಿಲು ಮುಚ್ಚಲಿಲ್ಲ. ನಾದಿರಾಳದೂ ಅವಳನ್ನು ಸೃಷ್ಟಿಸಿದವರದೂ ಒಂದೇ ಹೊಳೆಯ ತೀರ. ಒಬ್ಬಳಿಗೆ ಯಾವ ಕೈಯೂ ಎಟುಕಲಿಲ್ಲ. ಇನ್ನೊಬ್ಬರಿಗೆ ತಂದೆಯ ಕೈ, ಶಾಲೆಯ ಕೈ ಎಟುಕಿದವು. ಹೀಗೆ ಮಲಯಾಳದ ಮನೆಯಿಂದ ಕನ್ನಡಕ್ಕೆ ಒಬ್ಬ ದೊಡ್ಡ ಲೇಖಕಿ ದೊರೆತರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಉಳಿಯುವ ಬಗೆಯನ್ನು ನಾವು ಸಭೆಗಳಲ್ಲಿ ಚರ್ಚಿಸುತ್ತಲೇ ಬಂದಿದ್ದೇವೆ. ಮನವಿಗಳೂ ಠರಾವುಗಳೂ ಬೇಕು. ಆದರೆ ಗಡಿಯ ಮಗುವಿನ ಬೀದಿಯಲ್ಲಿ ತುಳು, ಮಲಯಾಳ, ಕೊಂಕಣಿ, ಬೇರೆ ಗಡಿಗಳಲ್ಲಿ ಮರಾಠಿ, ತೆಲುಗು, ತಮಿಳು ಇರುತ್ತವೆ. ಆ ಬೀದಿಯ ಮಾತನ್ನು ದೋಷವೆಂದು ತಿದ್ದಲು ಹೊರಟ ಉಪಾಧ್ಯಾಯ ಮಗುವಿನ ನೆರೆಕರೆಯಿಂದ ತಾನೇ ಹೊರಗುಳಿಯುತ್ತಾನೆ. ಕನ್ನಡವನ್ನು ಆ ಮಾತುಗಳ ಪಕ್ಕದಲ್ಲಿ ಇನ್ನೊಂದು ಕೈಯಾಗಿ ಚಾಚಿದವನಿಗೆ ಸಾರಾ ಅವರಂಥವರು ದೊರೆಯುವ ಸಂಭವವಿದೆ.

ಹದಿಮೂರರೊಳಗಿನ ವಯಸ್ಸು ನಮ್ಮ ಪ್ರಾಥಮಿಕ ಶಾಲೆಗಳ ವಯಸ್ಸು. ನಾನಿರುವ ಪ್ರೌಢಶಾಲೆಗೆ ಬರುವಷ್ಟರಲ್ಲಿ ಬಹಳ ಕೆಲಸ ಆಗಿಹೋಗಿರುತ್ತದೆ, ಅಥವಾ ಆಗದೆ ಉಳಿದಿರುತ್ತದೆ. ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ ಸಣ್ಣದು. ತರಗತಿಯ ಬೆಂಚುಗಳಲ್ಲಿ ಒಂದೇ ಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂರದಂತೆ ನೋಡಿಕೊಳ್ಳೋಣ. ಶಾಲೆಯ ಕಪಾಟಿನ ಪುಸ್ತಕಗಳು ಮಕ್ಕಳ ಮನೆಗಳಿಗೆ ಹೋಗಲಿ. ಹರಿದು ಬಂದರೂ ಚಿಂತೆಯಿಲ್ಲ. ವಿದ್ಯಾಸಾಗರರ ಪಾಠ ಬಂದಾಗ, ನಿಮ್ಮ ಬೀದಿಯಲ್ಲಿ ದೀಪ ಎಲ್ಲಿದೆ ಎಂದು ಪ್ರತಿಯೊಂದು ಮಗುವನ್ನೂ ಕೇಳೋಣ. ಇಲ್ಲವೆಂದು ಹೇಳುವ ಮಕ್ಕಳ ಹೆಸರುಗಳನ್ನು ಗುರುತು ಹಾಕಿಕೊಂಡು, ಆ ಸಂಜೆ ಶಾಲೆಯ ಒಂದು ಕೋಣೆಯನ್ನಾದರೂ ತೆರೆದಿಡೋಣ.