ನಿಷೇಧವೇ ವಿಮರ್ಶೆಯಾದಾಗ

ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿ 2008ರಿಂದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವವೊಂದನ್ನು ನಡೆಸುತ್ತಾ ಬಂದಿದೆ. ತಾರೆಯರ ಗದ್ದಲವಿಲ್ಲದ, ಸ್ವಂತ ದುಡ್ಡು ಸುರಿದು ಚಿತ್ರ ಮಾಡುವವರೇ ಹೆಚ್ಚಾಗಿ ಸೇರುವ ಉತ್ಸವ ಅದು. ಆದರೆ 2017ರ ಜೂನ್‌ನಲ್ಲಿ ನಡೆದ ಉತ್ಸವದ ಮಾತು ಬಂದಾಗಲೆಲ್ಲ ನೆನಪಾಗುವುದು ಅಲ್ಲಿ ತೋರಿಸಲಾಗದೆ ಹೋದ ಮೂರು ಚಿತ್ರಗಳು.

ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಗಳನ್ನು ಉತ್ಸವಗಳಲ್ಲಿ ತೋರಿಸಬೇಕಾದರೆ ಕೇಂದ್ರ ಸರಕಾರದ ವಿನಾಯಿತಿ ಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಕಲಮು ಆ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಸಾಮಾನ್ಯವಾಗಿ ಇದು ಪಟ್ಟಿ ಕಳಿಸಿ ಒಪ್ಪಿಗೆ ಪಡೆಯುವ ಕೆಲಸ. ಆ ವರ್ಷ ಮಾತ್ರ ರೋಹಿತ್ ವೇಮುಲ, ಜೆಎನ್‌ಯು ಮತ್ತು ಕಾಶ್ಮೀರದ ಕುರಿತಾದ ಮೂರು ಚಿತ್ರಗಳಿಗೆ ವಿನಾಯಿತಿ ಸಿಗಲಿಲ್ಲ. ದೊಡ್ಡ ಚಿತ್ರವೊಂದನ್ನು ತಡೆದರೆ ಅದರ ನಿರ್ಮಾಪಕನಿಗೆ ವಕೀಲರಿದ್ದಾರೆ, ವಿತರಕರಿದ್ದಾರೆ. ಕಿರುಚಿತ್ರ ಮಾಡಿದವನಿಗೆ ಇರುವುದು ಉತ್ಸವದ ಆ ಒಂದು ಪರದೆ, ಆ ಒಂದು ಸಂಜೆ. ಅದನ್ನು ಕಿತ್ತುಕೊಂಡರೆ ಅವನ ಪಾಲಿಗೆ ಥಿಯೇಟರೇ ಇಲ್ಲ.

ಈ ಅನ್ಯಾಯವನ್ನು ಖಂಡಿಸಿ ಆಗ ಸಾಕಷ್ಟು ಬರೆದದ್ದಾಯಿತು. ನಮ್ಮ ತಕರಾರು ಬೇರೆ. ಬೆಂಬಲಿಸಿದವರೂ ವಿರೋಧಿಸಿದವರೂ ಚಿತ್ರಗಳ ವಿಷಯದ ಬಗ್ಗೆ ಜಗಳವಾಡಿದರೇ ಹೊರತು ಚಿತ್ರಗಳ ಬಗ್ಗೆ ಮಾತಾಡಿದ್ದು ಕಡಿಮೆ. 'ರೋಹಿತನ ಚಿತ್ರ', 'ಕಾಶ್ಮೀರದ ಚಿತ್ರ' ಎಂದರೆ ಮುಗಿಯಿತು. ಹಾಗಾದರೆ ನಿರ್ದೇಶಕ ಮಾಡಿದ್ದೇನು?

ರೋಹಿತನ ಸಾವಿನ ನಂತರದ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣವನ್ನು ಚಿತ್ರಿಸಿದ 'ದಿ ಅನ್‌ಬೇರಬಲ್ ಬೀಯಿಂಗ್ ಆಫ್ ಲೈಟ್‌ನೆಸ್' ಚಿತ್ರದ ನಿರ್ದೇಶಕರು ಪಿ.ಎನ್. ರಾಮಚಂದ್ರ. ಈ ಹೆಸರು ಕನ್ನಡಿಗರಿಗೆ ಹೊಸದಾಗಬಾರದಿತ್ತು. ತುಳುವಿನ 'ಸುದ್ದ' ಇವರದೇ. ಹಳ್ಳಿಯ ಮಕ್ಕಳು ದೊಡ್ಡವರ ಆಡಳಿತವನ್ನು ಪ್ರಶ್ನಿಸುವ 'ಪುಟಾಣಿ ಪಾರ್ಟಿ'ಯೂ ಇವರದೇ. ಅದಕ್ಕೆ 2009ನೇ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಸರಕಾರವೇ ಪ್ರಶಸ್ತಿ ಕೊಟ್ಟ ನಿರ್ದೇಶಕನ ಚಿತ್ರವನ್ನು ಸರಕಾರವೇ ತಡೆದ ಈ ವಿಚಿತ್ರ, ನಮ್ಮ ಪತ್ರಿಕೆಗಳಿಗೆ ಒಂದು ದೊಡ್ಡ ಸುದ್ದಿಯಾಗಬೇಕಿತ್ತಲ್ಲವೇ? ಮಕ್ಕಳ ಪಂಚಾಯಿತಿಯಿಂದ ವಿಶ್ವವಿದ್ಯಾಲಯದ ಅಂಗಳಕ್ಕೆ ಬಂದರೂ ಅವರ ಕುತೂಹಲ ಒಂದೇ: ಅಧಿಕಾರವಿಲ್ಲದವರು ಒಂದೆಡೆ ಕೂತು ಮಾತಾಡಿಕೊಂಡರೆ ಏನಾಗುತ್ತದೆ?

ಮೂರರಲ್ಲಿ ಹೆಚ್ಚು ಗದ್ದಲವೆಬ್ಬಿಸಿದ್ದು 'ಇನ್ ದ ಶೇಡ್ ಆಫ್ ಫಾಲನ್ ಚಿನಾರ್'. ಫಾಝಿಲ್ ಎನ್.ಸಿ. ಮತ್ತು ಶಾನ್ ಸೆಬಾಸ್ಟಿಯನ್ ಸೇರಿ ಮಾಡಿದ ಇದು ಇಪ್ಪತ್ತು ನಿಮಿಷವನ್ನೂ ಮೀರದ ಚಿತ್ರ. ಕಾಶ್ಮೀರ ವಿಶ್ವವಿದ್ಯಾಲಯದಲ್ಲಿ ಉರುಳಿಬಿದ್ದ ಚಿನಾರ್ ಮರವೊಂದಿದೆ. ಚಿತ್ರ ಬಿಡಿಸುವ, ಹಾಡುವ ವಿದ್ಯಾರ್ಥಿಗಳಿಗೆ ಅದೇ ಕಟ್ಟೆ, ಅದೇ ವೇದಿಕೆ. ಕಾಶ್ಮೀರವೆಂದರೆ ಒಂದೋ ಹಿಮದ ಬೆಟ್ಟ, ಇಲ್ಲವೇ ಬಂದೂಕು ಎಂದು ನಮ್ಮ ಸಿನಿಮಾಗಳು ರೂಢಿ ಮಾಡಿಟ್ಟ ಕಣ್ಣಿಗೆ ಇಲ್ಲಿನ ಹುಡುಗರು ನಮ್ಮೂರಿನ ಯಾವುದೋ ಕಾಲೇಜಿನವರಂತೆ ಕಾಣುತ್ತಾರೆ. ಅದು ಸಣ್ಣ ಸಾಧನೆಯಲ್ಲ. ಬಿದ್ದ ಮರವನ್ನು ಹೀಗೊಂದು ಸಂಕೇತವೆಂದು ಬಾಯಿಬಿಟ್ಟು ಹೇಳದೆ ಅದರ ಮೇಲೆ ಹುಡುಗರನ್ನು ಕೂರಿಸಿಬಿಟ್ಟಿದ್ದು ಚಿತ್ರದ ಜಾಣತನ.

ಆದರೆ ಕೊರತೆಯೂ ಇದೆ. ಹಲವರನ್ನು ಮಾತಾಡಿಸುವ ಅವಸರದಲ್ಲಿ ಕ್ಯಾಮೆರಾ ಒಬ್ಬರ ಬಳಿಯೂ ನೆಮ್ಮದಿಯಾಗಿ ಕೂರುವುದಿಲ್ಲ. ನೋವಿನ ಮಾತು ಬಂದು ಇನ್ನೇನು ಆಳಕ್ಕಿಳಿಯಬೇಕು ಎನ್ನುವಾಗ ಇನ್ನೊಂದು ಮುಖ, ಇನ್ನೊಂದು ಹಾಡು. ಇವರು ಸಂಜೆ ಮರಳುವ ಮನೆಗಳು ಹೇಗಿವೆ? ಅಲ್ಲಿ ತಾಯಂದಿರು ಏನನ್ನುತ್ತಾರೆ? ಚಿತ್ರ ಆವರಣವನ್ನು ದಾಟುವುದಿಲ್ಲ. ಹೊರಗಿನಿಂದ ಹೋದ ಗೆಳೆಯರ ಪ್ರೀತಿ ಅದರಲ್ಲಿದೆ, ಒಳಗಿನವರ ಒರಟುತನವಿಲ್ಲ.

ಇಂಥ ಮಾತುಗಳನ್ನು ಸಭಾಂಗಣದಲ್ಲಿ, ನಿರ್ದೇಶಕರ ಎದುರಿನಲ್ಲಿ ಆಡಬೇಕಿತ್ತು. ಕಿರುಚಿತ್ರೋತ್ಸವಗಳ ನಿಜವಾದ ಲಾಭವೇ ಅದು. ಮುಂದಿನ ಚಿತ್ರ ಚೆನ್ನಾಗುವುದು ಹಾಗೆಯೇ. ಆಮೇಲೆ ಚಿತ್ರ ಅಂತರ್ಜಾಲದಲ್ಲಿ ಸಿಕ್ಕಿತು ನಿಜ. ಆದರೆ 'ತಡೆಯಲ್ಪಟ್ಟ ಚಿತ್ರ' ಎಂಬ ಹಣೆಪಟ್ಟಿ ಹೊತ್ತು ಬಂದ ಅದನ್ನು ಟೀಕಿಸಿದರೆ ಸರಕಾರದ ಪರ, ಹೊಗಳಿದರೆ ದೇಶದ ವಿರುದ್ಧ ಎಂಬಂತಾಯಿತು.

2019ರಲ್ಲಿ ಇದೇ ಉತ್ಸವಕ್ಕೆ ಬಂದ ಆನಂದ್ ಪಟವರ್ಧನ್ ಅವರ 'ವಿವೇಕ್' ಚಿತ್ರಕ್ಕೂ ಕೇಂದ್ರ ವಿನಾಯಿತಿ ಕೊಡಲಿಲ್ಲ. ಕೇರಳ ಹೈಕೋರ್ಟ್ ಅನುಮತಿಸಿದ ಮೇಲೆ ಅದು ತೆರೆ ಕಂಡಿತು. ದಶಕಗಳ ಹೆಸರಿದ್ದ ಪಟವರ್ಧನರಿಗೇ ಕೋರ್ಟಿನ ಮೆಟ್ಟಿಲು ತಪ್ಪಲಿಲ್ಲ. ಮೊದಲ ಚಿತ್ರ ಹಿಡಿದು ಬಂದ ಹುಡುಗನೊಬ್ಬ ಅಷ್ಟು ದೂರ ಹೋದಾನೆ?