ಚಿತ್ರಕಥೆ ಯಾರ ಸೊತ್ತು?

‘ಸಂಸ್ಕಾರ’ ಸಿನಿಮಾ (1970) ಅಂದ ಕೂಡಲೆ ಅನಂತಮೂರ್ತಿ, ಪಟ್ಟಾಭಿರಾಮ ರೆಡ್ಡಿ ಅಂತೇವೆ. ಚಿತ್ರಕಥೆ ಗಿರೀಶ ಕಾರ್ನಾಡರದು ಅನ್ನೋದನ್ನು ಮರೀತೇವೆ. ಪ್ರಾಣೇಶಾಚಾರ್ಯರ ಮನಸ್ಸಿನೊಳಗಿನ ಕುದಿಯನ್ನು ಕಣ್ಣಿಗೆ ಕಾಣುವ ದೃಶ್ಯವಾಗಿ ಕಟ್ಟುವುದು ನಕಲಲ್ಲ, ದುಡಿಮೆ.

ಕಥೆ ಕಾದಂಬರಿಕಾರರದೇ. ಅವರ ಒಪ್ಪಿಗೆಯಿಲ್ಲದೆ ಮುಟ್ಟಕೂಡದು. ಚಿತ್ರದ ಹಕ್ಕು ಮಾರಿದ ಮೇಲೂ ಕೃತಿಯನ್ನು ವಿರೂಪಗೊಳಿಸಿದರೆ ಲೇಖಕಿ ಪ್ರಶ್ನಿಸಬಹುದು ಎಂದು 1986ರಲ್ಲಿ ಮನ್ನು ಭಂಡಾರಿಯವರ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು ಹೇಳಿತು. ಸರಿಯೇ. ಆದರೆ ಒಪ್ಪಿಗೆ ಪಡೆದು ಬರೆದ ಚಿತ್ರಕಥೆಯಲ್ಲಿ ಹೊಸದಾಗಿ ಕಟ್ಟಿದ್ದು ಯಾರದು? ದುಡ್ಡು ಹಾಕಿದ ಧಣಿಯದೆ?

ಅಲ್ಲ. ಸತ್ಯಜಿತ್ ರಾಯ್ ಅವರ ‘ನಾಯಕ್’ (1966) ಕುರಿತು 2023ರಲ್ಲಿ ಅದೇ ಕೋರ್ಟು ತೀರ್ಪು ಕೊಟ್ಟಿತು: ಸಿನಿಮಾ ನಿರ್ಮಾಪಕನದು, ಚಿತ್ರಕಥೆ ಬರೆದವರದು. ಥಿಯೇಟರಿನಾಚೆಯ ಬಳಕೆಯ ರಾಯಧನವನ್ನು ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ ಅಂತ 2012ರ ಕಾಯ್ದೆ ತಿದ್ದುಪಡಿಯೂ ಇದೆ.

ಆದರೆ ಚಿತ್ರಕಥೆಯ ಹಕ್ಕನ್ನೇ ಬರೆದುಕೊಟ್ಟರೆ ಅದು ಹೋದಂತೆಯೇ. ಅದಕ್ಕೇ ಗೆಳೆಯರೆ, ನಾವು ಹೇಳೋದಿಷ್ಟೆ: ತೆರೆಯ ಮೇಲೆ ಹೆಸರು, ಕೈಗೆ ಹಣ, ತಿದ್ದುವಾಗ ನಮ್ಮ ಮಾತು. ಮೂರನ್ನೂ ಕಾಗದದಲ್ಲಿ ಬರೆಸಿಕೊಳ್ಳಬೇಕು. ನಮ್ಮ ಅಪ್ಪಂದಿರು ಓದಲು ಬಾರದೆ ಹೆಬ್ಬೆಟ್ಟು ಒತ್ತಿದರು. ಓದು ಕಲಿತ ನಾವು ಓದದೆ ಸಹಿ ಹಾಕಿದರೆ ಕಲಿತು ಏನು ಬಂತು?