ಅಗ್ಗದ ಚಾಕು, ಹೆಸರಿಲ್ಲದ ಕುಲುಮೆ

ಹಳೆಯ ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರಿಗೆ ನಮ್ಮಲ್ಲಿ ಮರ್ಯಾದೆಯಿದೆ. ಚಾಕು ಕೂಡಿಡುತ್ತೇನೆ ಎಂದರೆ ಮಾತ್ರ ಕೇಳಿದವರು ಒಮ್ಮೆ ಮುಖ ನೋಡುತ್ತಾರೆ. ಲಾಂಗು ಮಚ್ಚಿನ ಸಿನಿಮಾಗಳು ಅಲಗಿಗೆ ತಂದಿಟ್ಟ ಅಪವಾದ ಅದು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಲ್ಲಿ, ಗುಜರಿ ಅಂಗಡಿಗಳಲ್ಲಿ, ಗೊಬ್ಬರ ಮತ್ತು ಸಲಕರಣೆ ಮಾರುವ ಮಳಿಗೆಗಳ ಮೂಲೆಯಲ್ಲಿ ಜೇಬಿಗೆ ಹಿಡಿಯುವ ಅಗ್ಗದ ಚಾಕುಗಳನ್ನು ಹುಡುಕುವವರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಈ ಹವ್ಯಾಸ ಒಳ್ಳೆಯದು, ಬೆಳೆಯಬೇಕಾದದ್ದು. ಆದರೆ ನಾವು ಆರಿಸುವ ಬಗೆ ಮತ್ತು ಆರಿಸಿ ತಂದದ್ದನ್ನು ಇಟ್ಟುಕೊಳ್ಳುವ ಬಗೆ ಎರಡರಲ್ಲೂ ದೊಡ್ಡ ಕೊರತೆಯಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಬೆಳೆ ಬದಲಾದಂತೆ ಚಾಕುವೂ ಬದಲಾಗುತ್ತದೆ. ಹಾಸನದ ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಮುಂಗಾರಿಗೆ ಮೊದಲು ಜಲಂಧರ್‌ನಿಂದ ಬಿತ್ತನೆ ಗಡ್ಡೆ ಎಪಿಎಂಸಿಗೆ ಬಂದಿಳಿಯುತ್ತದೆ. ದಪ್ಪ ಗಡ್ಡೆಯನ್ನು ಹೋಳು ಮಾಡಬೇಕು, ಪ್ರತಿ ಹೋಳಿನಲ್ಲೂ ಎರಡು ಮೂರು ಕಣ್ಣು ಉಳಿಯಬೇಕು. ಈ ಕೆಲಸದ ಚಾಕು ಗೇಣುದ್ದವೂ ಇರುವುದಿಲ್ಲ. ಅಲಗು ತೆಳು, ಮೊನೆ ಮೊಂಡು. ಗಡ್ಡೆ ಎಡಗೈಯಲ್ಲಿರುತ್ತದೆ, ಬಲಗೈಯ ಅಲಗು ಅಂಗೈ ಕಡೆಗೇ ಬರುತ್ತದೆ. ಮೊನೆ ಚೂಪಾಗಿದ್ದರೆ ಕೈ ಸೀಳುವುದು ಖಂಡಿತ. ರೋಗದ ಗಡ್ಡೆ ಕೊಯ್ದ ಅಲಗಿನಲ್ಲೇ ಮುಂದಿನದನ್ನು ಕೊಯ್ದರೆ ದುಂಡಾಣು ಹರಡುತ್ತದೆ ಎಂದು ತಿಳಿದವರು ಚಾಕುವನ್ನು ಆಗಾಗ ಔಷಧಿ ನೀರಿಗೆ ಅದ್ದಿ ಒರೆಸುತ್ತಾರೆ. ಆ ನೀರು, ಗಡ್ಡೆಯ ರಸ, ಮಣ್ಣು ಮೂರೂ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ಹಳೆಯ ಆಲೂಗಡ್ಡೆ ಚಾಕುವನ್ನು ಬೆಳಕಿಗೆ ಹಿಡಿದರೆ ಅಲಗಿನ ನಡುವೆ ಸಾಸಿವೆಗಿಂತ ಸಣ್ಣ ಗುಳಿಗಳು ಒತ್ತಾಗಿ ಕಾಣುತ್ತವೆ. ಬಾಯಿಯ ಕಡೆ ಮಾತ್ರ ಕಲ್ಲಿಗೆ ಉಜ್ಜಿದ ಬಿಳಿ ಗೆರೆ. ಬೇಸಾಯದ ಎಷ್ಟು ಹಂಗಾಮು ಆ ಚಾಕು ಕಂಡಿದೆ ಎಂಬುದನ್ನು ಅದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ಅರಕಲಗೂಡು ಕಡೆ ಹೊಗೆಸೊಪ್ಪು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಸೊಪ್ಪಿನ ಕೆಲಸದಲ್ಲಿ ದಾರ ಕತ್ತರಿಸುವ ಪುಟ್ಟ ಚಾಕುವಿನ ಸಂದಿಯಲ್ಲಿ ಕಪ್ಪು ಅಂಟು ಗಟ್ಟಿಯಾಗಿ ಕೂತಿರುತ್ತದೆ. ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಕಾಯಿ ಹೋಳಿನಿಂದ ತಿರುಳು ಎಬ್ಬಿಸುವ ಗಿಡ್ಡ ಅಲಗು, ದಪ್ಪ ಬೆನ್ನು. ಹೊಳೆನರಸೀಪುರದ ನಾಲೆ ಬಯಲಿನ ಹಿರಿಯರ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿಯ ಜೊತೆ ಒಂದು ಮಡಚು ಚಾಕು. ತೋಟಗಾರಿಕೆ ನರ್ಸರಿಗಳಲ್ಲಿ ಕಸಿ ಚಾಕು. ಅದರ ಹಿಂತುದಿಯಲ್ಲಿ ತೊಗಟೆ ಎಬ್ಬಿಸಲು ಹಿತ್ತಾಳೆಯ ಅಥವಾ ಮೂಳೆಯ ನಾಲಗೆ ಇರುತ್ತದೆ. ಅಗ್ಗದ ಹೊಸ ಚಾಕುಗಳಲ್ಲಿ ಇಂದಿಗೂ ನಂಬಿ ಕೊಳ್ಳಬಹುದಾದದ್ದು ಈ ಕಸಿ ಚಾಕು ಒಂದೇ ಎನ್ನುತ್ತೇನೆ. ಕೆಟ್ಟ ಅಲಗು ಮೊದಲ ದಿನವೇ ತೊಗಟೆ ಹರಿಯುತ್ತದೆ, ಕಸಿ ಹಿಡಿಯುವುದಿಲ್ಲ, ಕೊಂಡವನು ಅಂಗಡಿಗೆ ವಾಪಸು ತರುತ್ತಾನೆ. ಬಳಸುವವನ ಈ ಕಣ್ಣು ತಯಾರಕನನ್ನು ನೆಟ್ಟಗಿಟ್ಟಿದೆ.

ಉಳಿದ ಹೊಸ ಮಡಚು ಚಾಕುಗಳ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಸಂತೆಯಲ್ಲಿ ಪ್ಲಾಸ್ಟಿಕ್ ಹಾಸಿ ಗುಡ್ಡೆ ಹಾಕಿರುವ ಹೊಳೆಯುವ ಮಾಲು ಕಣ್ಣಿಗೆ ಚೆಂದ. ಅಂಗಡಿಯಲ್ಲೇ ಒಂದು ಸಣ್ಣ ಅಯಸ್ಕಾಂತ ತಾಗಿಸಿ ನೋಡಿ: ಅಲಗಿಗೆ ಅಂಟದಿದ್ದರೆ ಅದು ತಟ್ಟೆ ಲೋಟ ಮಾಡುವ ಜಾತಿಯ ಸ್ಟೀಲು, ಕಾಸಿ ಹದ ಕೊಟ್ಟು ಗಟ್ಟಿ ಮಾಡಲು ಬರುವುದಿಲ್ಲ, ನಾಲ್ಕು ದಿನಕ್ಕೆ ಬಾಯಿ ಹೋಗುತ್ತದೆ. ಅಂಟಿದರೂ ಅಷ್ಟಕ್ಕೇ ಒಪ್ಪಬೇಡಿ. ಅಲಗನ್ನು ಪೂರ್ತಿ ತೆರೆದು, ಮೊನೆ ಹಿಡಿದು ಅತ್ತಿತ್ತ ಅಲುಗಿಸಿ. ತೆರೆದಾಗಲೂ ಮಡಚಿದಾಗಲೂ ಬೆನ್ನಿನ ಸ್ಪ್ರಿಂಗು ಹಿಡಿಯ ಮಟ್ಟಕ್ಕೇ ಕೂರಬೇಕು, ಉಬ್ಬಿ ನಿಂತರೆ ಒಳಗಿನ ಅಳತೆ ತಪ್ಪಿದೆ. ಮಡಚಿದ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿಯುತ್ತಿದ್ದರೆ ಪ್ರತಿ ಸಲ ಮುಚ್ಚಿದಾಗಲೂ ಚಾಕು ತನ್ನನ್ನೇ ಮೊಂಡು ಮಾಡಿಕೊಳ್ಳುತ್ತದೆ. ಇವಿಷ್ಟನ್ನು ದಾಟುವ ಚಾಕು ಗುಡ್ಡೆಯಲ್ಲಿ ಅಪರೂಪ.

ಅಗ್ಗದ ಚಾಕು ಎಂದ ಮಾತ್ರಕ್ಕೆ ಕಳಪೆಯಾಗಬೇಕೆಂದಿಲ್ಲ. ಫ್ರಾನ್ಸಿನ ಸವೊಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಿದ ಮರದ ಹಿಡಿಯ ಮಡಚು ಚಾಕು ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ತಯಾರಾಗುತ್ತಿದೆ. 1955ರಲ್ಲಿ ಕುತ್ತಿಗೆಗೆ ತಿರುಗುವ ಉಕ್ಕಿನ ಬಳೆಯೊಂದು ಸೇರಿತು, ಅಲಗು ಕೈಮೇಲೆ ಮುಚ್ಚಿಕೊಳ್ಳುವುದು ನಿಂತಿತು. ಜಪಾನಿನ ಹಿಗೊನೊಕಾಮಿಯಂತೂ ಮಡಚಿದ ಒಂದು ತಗಡು, ಒಂದು ಅಲಗು, ಒಂದು ಮೊಳೆ, ಅಷ್ಟೇ. ಎರಡೂ ಬಡವರ ಚಾಕುಗಳಾಗಿದ್ದವು, ಎರಡನ್ನೂ ಇಂದು ಜಗತ್ತಿನ ಸಂಗ್ರಾಹಕರು ಪ್ರೀತಿಯಿಂದ ಕೊಳ್ಳುತ್ತಾರೆ. ಅವು ಉಳಿದದ್ದು ಮಾಡಿದವರ ಹೆಸರು ಚಾಕುವಿನ ಮೇಲಿದ್ದುದರಿಂದ, ಬಳಸಿದವರು ಆ ಹೆಸರನ್ನು ಕೇಳಿ ಕೊಂಡದ್ದರಿಂದ.

ನಮ್ಮ ಕುಲುಮೆಯ ಚಾಕುವಿಗೆ ಹೆಸರಿಲ್ಲ. ಊರಿನ ಆಚಾರ್ರು ಮಾಡುತ್ತಿದ್ದುದು ಹೆಚ್ಚಾಗಿ ಮಡಚದ, ಮರದ ಹಿಡಿಯ ನೇರ ಚಾಕು. ನೇಗಿಲ ಗುಳ, ಕುಡುಗೋಲಿನ ಜೊತೆಗೆ ಅದನ್ನೂ ತಟ್ಟಿಕೊಡುತ್ತಿದ್ದರು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ರಾಗಿ ಒಯ್ಯುತ್ತಿದ್ದರು. ಆ ಚಾಕುವಿಗೆ ಬೆಲೆಯೇ ಇರಲಿಲ್ಲ; ಗುರುತು ಹಾಕುವ ಅಗತ್ಯವೂ ಬೀಳಲಿಲ್ಲ, ಯಾರು ಮಾಡಿದ್ದೆಂದು ಊರಿಗೇ ಗೊತ್ತಿತ್ತು. ಈಚೆಗೆ ಲಾರಿಯ ಹಳೆಯ ಕಮಾನ್ ಪಟ್ಟಿ ಕಚ್ಚಾಮಾಲಾಗಿ ಬಂತು. ಅದು ಹದ ಚೆನ್ನಾಗಿ ಹಿಡಿಯುವ ಉಕ್ಕು. ಕೆಂಪಗೆ ಕಾಸಿ ಬಡಿದು ತೆಳ್ಳಗೆ ಮಾಡಿ, ನೀರಿಗೋ ಎಣ್ಣೆಗೋ ಅದ್ದಿ, ಮತ್ತೆ ಹಿತವಾಗಿ ಕಾಸಿ ಬಣ್ಣ ನೋಡಿ ನಿಲ್ಲಿಸುವ ಆಚಾರ್ರ ಕೈಯಿಂದ ಬಂದ ಚಾಕು ಸಂತೆಯ ಹೊಳೆಯುವ ಮಾಲಿಗಿಂತ ಎಷ್ಟೋ ಪಾಲು ಮೇಲು. ನಿಂಬೆಹಣ್ಣು ಕೊಯ್ದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ನಿಜ. ಕಲ್ಲಿಗೆ ನಾಲ್ಕು ಸಲ ಎಳೆದರೆ ಮತ್ತೆ ಬಾಯಿ ಬರುತ್ತದೆ, ಅದೂ ನಿಜ.

ನಮ್ಮ ಸಂಗ್ರಾಹಕರು ಎಡವುವುದು ಇಲ್ಲೇ. ಕುಲುಮೆಯ ಚಾಕುವನ್ನು ಪಕ್ಕಕ್ಕೆ ಸರಿಸಿ ಅಲಗಿನ ಮೇಲೆ ಇಂಗ್ಲಿಷ್ ಅಕ್ಷರ ಹುಡುಕುತ್ತಾರೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತು ಕಂಡರೆ ಕೇಳಿದಷ್ಟು ಕೊಡುತ್ತಾರೆ. 1682ರಷ್ಟು ಹಳೆಯ ಆ ಗುರುತು ಒಳ್ಳೆಯ ಉಕ್ಕಿನ ಗುರುತೇ, ಸಂದೇಹವಿಲ್ಲ. ಆದರೆ ಅದನ್ನು ಕದ್ದು ಹಾಕಿದಷ್ಟು ಬೇರೆ ಯಾವ ಗುರುತನ್ನೂ ಹಾಕಿರಲಾರರು. ಅಸಲಿಯೇ ಸಿಕ್ಕಿತೆನ್ನಿ, ಶೆಫೀಲ್ಡಿನ ಚರಿತ್ರೆಯನ್ನು ಬರೆದಿಡಲು ಶೆಫೀಲ್ಡಿನವರಿದ್ದಾರೆ. ಅರಕಲಗೂಡಿನ ಕುಲುಮೆಯ ಚರಿತ್ರೆ ಬರೆಯಬೇಕಾದವರು ನಾವು. ಕೊಡಗಿನ ಗಡಿ ಹತ್ತಿರವೆಂದು ಕೆಲವರು ಪ್ರವಾಸಿಗರ ಅಂಗಡಿಯ ಪೀಚೆಕತ್ತಿಯನ್ನೂ ತಂದು ಸೇರಿಸುತ್ತಾರೆ. ಕೊಡವರ ನಡುಕಟ್ಟಿನಲ್ಲಿ ಪೀಚೆಕತ್ತಿಗೆ ಸ್ಥಾನವಿದೆ, ಗೌರವವಿದೆ. ಅಲಂಕಾರಕ್ಕೆಂದು ಮಾಡಿ ಮಾರುವ ಅದರ ನಕಲಿಗೆ ನಮ್ಮ ಪೆಟ್ಟಿಗೆಯಲ್ಲಿ ಜಾಗವಿಲ್ಲ.

ಬಟನ್ ಚಾಕುವನ್ನೂ ಹೊರಗಿಡಬೇಕು. ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸಿ, ಮನೆಗೆಲಸ, ಬೇಸಾಯಕ್ಕೆಂದು ಮಾಡಿದ್ದನ್ನು ಬಿಟ್ಟಿವೆ. ಬಟನ್ ಚಾಕುಗಳ ಮೇಲೆ ದೆಹಲಿಯಂಥ ಕಡೆ ಪ್ರತ್ಯೇಕ ನಿರ್ಬಂಧವೇ ಇದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಯಾವ ಬೆಳೆಯ, ಯಾವ ಕಸುಬಿನ ಕೆಲಸವನ್ನೂ ಮಾಡದ ವಸ್ತು ಅದು.

ಇನ್ನು ಹಳೆಯ ಚಾಕುವನ್ನು ತಂದ ಮೇಲೆ ನಡೆಯುವ ಅನಾಹುತ. ಮೊದಲ ಕೆಲಸವೆಂದು ಗ್ರೈಂಡಿಂಗ್ ಅಂಗಡಿಗೆ ಒಯ್ದು ಬಫ್ ಹೊಡೆಸುತ್ತಾರೆ. ತೆಳು ಅಲಗು ಚಕ್ರಕ್ಕೆ ತಾಗಿ ಕ್ಷಣದಲ್ಲಿ ಕಾಯುತ್ತದೆ. ಬಾಯಿಯ ಅಂಚು ನೀಲಿ ತಿರುಗಿತೆಂದರೆ ಅಲ್ಲಿಯ ಹದ ಹೋಯಿತು. ಗುಳಿಗಳು ಮಾಯವಾಗುತ್ತವೆ, ಸುತ್ತಿಗೆಯ ಪೆಟ್ಟಿನ ಗುರುತು ಅಳಿಯುತ್ತದೆ, ಕೈಬೆವರು ಕುಡಿದು ಕಪ್ಪಾದ ಹಿಡಿಗೆ ವಾರ್ನಿಶು ಬೀಳುತ್ತದೆ. ಗೋಡೆಗೆ ತೂಗು ಹಾಕಲು ಚೆಂದ, ಆದರೆ ಚಾಕು ತಾನು ಕಂಡದ್ದೆಲ್ಲವನ್ನೂ ಕಳೆದುಕೊಂಡಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಬಟ್ಟೆಯಲ್ಲಿ ಒರೆಸಿ, ಕೀಲಿಗೆ ಒಂದು ತೊಟ್ಟು ಮೆಷಿನ್ ಎಣ್ಣೆ ಬಿಟ್ಟು, ಒದ್ದೆ ಕಲ್ಲಿನ ಮೇಲೆ ಕೈಯಲ್ಲೇ ಮಸೆದರೆ ಸಾಕು. ಹುಣಸೆಹಣ್ಣು ಹಿತ್ತಾಳೆಗೆ ಸರಿ, ಅಲಗಿಗೆ ತಾಗಿಸಬೇಡಿ. ಆಯುಧಪೂಜೆಗೆ ಇಟ್ಟ ಅರಿಸಿನ ಕುಂಕುಮವನ್ನು ಮಾರನೆಯ ದಿನ ಒರೆಸಿ ಎಣ್ಣೆ ಹಚ್ಚಿ. ಒದ್ದೆ ಕುಂಕುಮದ ಅಡಿಯಲ್ಲೇ ತುಕ್ಕು ಮೊದಲು ಏಳುವುದು.

ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇವು ಹಳ್ಳಿಯ ಉಪಕರಣಗಳನ್ನು ಕಸದಿಂದ ಎತ್ತಿ ಕಾಪಾಡಿದವು. ಅಂಥ ಸಂಸ್ಥೆಗಳು ಪ್ರತಿ ತಾಲ್ಲೂಕಿನ ಪ್ರತಿ ಕುಲುಮೆಯ ಬಾಗಿಲಿಗೆ ಹೋಗಲಾರವು. ಅಗ್ಗದ ಚಾಕು ಹುಡುಕುವವನು ಹೋಗಬಲ್ಲ. ಈ ಹವ್ಯಾಸದ ನಿಜವಾದ ಬೆಲೆಯನ್ನು ನಾನು ಅಳೆಯುವುದು ಇದರಿಂದಲೇ. ನೂರು ಚಾಕು ಸಾಲಾಗಿಟ್ಟು ಒಂದರ ಊರೂ ಹೇಳಲಾಗದ ಸಂಗ್ರಹ ಗುಜರಿಯೇ ಸರಿ. ಹತ್ತೇ ಇದ್ದರೂ ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಯಾವ ಊರು, ಯಾರ ಕುಲುಮೆ, ಯಾವ ಕೆಲಸಕ್ಕೆ ಬಳಸಿದ್ದು, ಯಾರ ಕೈಯಿಂದ ಬಂತು, ಎಷ್ಟು ಕೊಟ್ಟದ್ದು ಎಂದು ಬರೆದಿಟ್ಟವರ ಪೆಟ್ಟಿಗೆ ಜಿಲ್ಲೆಗೇ ಆಸ್ತಿ.

ಹಳೆಯದನ್ನು ಕೊಳ್ಳುವ ಉತ್ಸಾಹದಲ್ಲಿ ಬದುಕಿರುವ ಕುಲುಮೆಯನ್ನು ಮರೆಯಬೇಡಿ. ನಿಮ್ಮ ಊರಿನ ಹತ್ತಿರ ತಿದಿ ಊದುವ ಆಚಾರ್ರು ಇನ್ನೂ ಇದ್ದರೆ ಈ ವರ್ಷ ಒಂದು ಹೊಸ ಚಾಕು ಮಾಡಿಸಿ. ಯಾವ ಕೆಲಸಕ್ಕೆ ಬೇಕೆಂದು ಹೇಳಿ, ಚೌಕಾಸಿ ಮಾಡದೆ ದುಡ್ಡು ಕೊಡಿ, ಅಲಗಿನ ಬುಡದಲ್ಲಿ ಅವರ ಹೆಸರಿನ ಮೊದಲ ಅಕ್ಷರವನ್ನು ಅವರ ಕೈಯಿಂದಲೇ ಕೊರೆಸಿಕೊಳ್ಳಿ.